ಬಿಳಿ ಆರಕ್ಕೆ ಕಟ್ಟಿದ ಹಾಡು

ಮಧುಗಿರಿಯಲ್ಲಿ ಕೀಬೋರ್ಡ್ ಕಲಿಸುವ ಭವ್ಯ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ನಿಮಗೆ ಹಾಗನ್ನಿಸಬಹುದು. ಅನ್ನಿಸಿದರೆ ಬೈಗುಳದಲ್ಲಿ ಅರ್ಧ ನನ್ನ ಪಾಲಿಗೆ ಇಡಿ.

ಅವಳ ಅಪ್ಪ ಬಸವಲಿಂಗಯ್ಯನವರದು ದಿನಸಿ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಅವಳ ಕ್ಲಾಸು. ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಒಣಮೆಣಸಿನಕಾಯಿ ಘಾಟು, ಮೇಲಿನಿಂದ ಹತ್ತು ಮಕ್ಕಳು ಒಟ್ಟಿಗೆ ಒತ್ತುವ ಸರಿಗಮ. ಭವ್ಯಳಿಗೆ ಈಗ ಮೂವತ್ತೊಂಬತ್ತು. ಮದುವೆಯಾಗಿ ತಿಪಟೂರಿಗೆ ಹೋದವಳು ಮೂರು ವರ್ಷಕ್ಕೆ ಸಾಕೆಂದು ವಾಪಸ್ ಬಂದಳು. ಅದರ ಬಗ್ಗೆ ಅವಳೂ ಮಾತಾಡುವುದಿಲ್ಲ, ನಾವೂ ಕೇಳಿಲ್ಲ.

ಹನ್ನೊಂದನೇ ವಯಸ್ಸಿಗೆ ಅವಳನ್ನು ಪೆಟ್ಟಿಗೆ ಮುಂದೆ ಕೂರಿಸಿದವರು ನಾಗಲಿಂಗಯ್ಯ ಮೇಷ್ಟ್ರು. ಪೆಟ್ಟಿಗೆ ಅಂದರೆ ನಾಟಕದ ಕಾಲು ಹಾರ್ಮೋನಿಯಂ, ತಿದಿಯನ್ನು ಕಾಲಲ್ಲಿ ಒತ್ತುವಂಥದ್ದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಮೇಷ್ಟ್ರು ಪೆಟ್ಟಿಗೆ ಬಾರಿಸದ ಊರು ಕಡಿಮೆ. "ಹೆಣ್ಣುಡುಗಿ ನಾಟಕದ ಪೆಟ್ಗೆ ಮುಂದೆ ಕೂರೋದಾ" ಎಂದು ಊರವರು ಗೊಣಗಿದರು. ಮೇಷ್ಟ್ರು, "ಪೆಟ್ಗೆಗೆ ಮೀಸೆ ಐತೇನ್ರಯ್ಯ?" ಎಂದು ಕೇಳಿ ಸುಮ್ಮನಾಗಿಸಿದರು.

ಮೇಷ್ಟ್ರದ್ದು ಒಂದು ಪದ್ಧತಿ ಇತ್ತು. ನಾಟಕ ಶುರುವಾಗುವ ಮುಂಚೆ ಪಾತ್ರಧಾರಿಗಳೆಲ್ಲ ಒಬ್ಬೊಬ್ಬರಾಗಿ ಪೆಟ್ಟಿಗೆ ಹತ್ತಿರ ಬಂದು, ಅಂಚಿನ ಮೇಲೆ ಕೈಯಿಟ್ಟು, ಸಣ್ಣಗೆ ಒಂದು ಸಾಲು ಗುನುಗಬೇಕು. "ಇವತ್ತು ಎಲ್ಲಿ ನಿಂತಿದ್ಯಪ್ಪ?" ಎಂದು ಮೇಷ್ಟ್ರು ಕೇಳುವರು. ಕೇಳುತ್ತಲೇ ಆ ಸ್ವರ ಯಾವ ಮನೆಯಲ್ಲಿದೆ, ಅಂದರೆ ಪೆಟ್ಟಿಗೆಯ ಯಾವ ಕೀಲಿಯಲ್ಲಿದೆ ಎಂದು ಬೆರಳಲ್ಲಿ ಹುಡುಕಿ, ಪೆಟ್ಟಿಗೆ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುವರು: ಭೀಮ ಬಿಳಿ ಎರಡು, ದ್ರೌಪದಿ ಕಪ್ಪು ನಾಲ್ಕು. ಎಡದಿಂದ ಎಣಿಸಿದರೆ ಎರಡನೇ ಬಿಳಿ ಮನೆ, ನಾಲ್ಕನೇ ಕಪ್ಪು ಮನೆ ಎಂದರ್ಥ. ಬಾಡೂಟ ಉಂಡು ಬಂದ ಭೀಮ ಒಂದು ಮನೆ ಕೆಳಗಿರುತ್ತಾನೆ, ಹೆಂಡತಿ ಜೊತೆ ಜಗಳವಾಡಿ ಬಂದ ದುರ್ಯೋಧನ ಒಂದು ಮನೆ ಮೇಲಿರುತ್ತಾನೆ. ನೆನ್ನೆ ಇದ್ದ ಕಡೆ ಇವತ್ತು ಯಾರೂ ಇರುವುದಿಲ್ಲ ಎನ್ನುವುದು ಮೇಷ್ಟ್ರ ಲೆಕ್ಕ.

ಅವರ ಹಾಡಿನ ಪುಸ್ತಕವೂ ಅದೇ ಲೆಕ್ಕದ್ದು. ಪ್ರಾಯದಲ್ಲಿ ತುಮಕೂರಿನ ಆರ್ಕೆಸ್ಟ್ರಾ ಒಂದರಲ್ಲಿ ಎರಡು ವರ್ಷ ಇದ್ದು ಕಾರ್ಡು ಹಿಡಿಯುವುದನ್ನು, ಅಂದರೆ ಮೂರು ಸ್ವರ ಒಟ್ಟಿಗೆ ಒತ್ತುವುದನ್ನು, ಕಲಿತು ಬಂದಿದ್ದರು. ಆದರೆ ಅಲ್ಲಿಯವರ ಎ, ಬಿ, ಸಿ ಅಕ್ಷರ ಅವರಿಗೆ ಒಗ್ಗಲಿಲ್ಲ. ಹಾಡಿನ ಸಾಲಿನ ಮೇಲೆ ಒಂದು, ನಾಲ್ಕು, ಐದು ಎಂದು ಅಂಕಿ ಬರೆಯುತ್ತಿದ್ದರು. ಹಾಡುವವರು ಎಲ್ಲಿ ನಿಂತರೋ ಅದು ಒಂದು. ಮಿಕ್ಕಿದ್ದೆಲ್ಲ ಅಲ್ಲಿಂದ ಎಣಿಕೆ. ಅಂಕಿಯ ಕೆಳಗೆ ಚುಕ್ಕೆ ಇದ್ದರೆ ಅದು ಮೈನರ್, ಮೇಷ್ಟ್ರ ಬಾಯಲ್ಲಿ "ಅಳೋ ಕಾರ್ಡು."

ನಮ್ಮ ಕೂಲಿಕಾರರ ಸಂಘದ ಜಾಥಾಗಳಿಗೂ ಅವರೇ ಪೆಟ್ಟಿಗೆ. ಅವರ ಪಕ್ಕ ನಿಂತು ಹಾಡುತ್ತಿದ್ದವಳು ಚಿಕ್ಕಹನುಮಕ್ಕ, ಬರಗೂರು ಕಡೆಯ ಕುರಿ ಕಾಯುವ ಮನೆಯವಳು. ಸಹಿ ಹಾಕಲು ಬಾರದು, ಮುನ್ನೂರು ಹಾಡು ಬಾಯಲ್ಲಿವೆ. ಕುಡುಗೋಲಿನ ಹಾಡು ಅವಳದೇ ಕಟ್ಟಣೆ:

ಯಾರ ಹೊಲದ ರಾಗಿ ತೆನೆಯೋ
ಯಾರ ಕೈಯ ಕುಡುಗೋಲು
ಕೊಯ್ದ ಕೈಗೆ ತುತ್ತು ಎಲ್ಲಿ
ಹೇಳೇ ನನ್ನ ಕುಡುಗೋಲು

ಮೂರನೇ ಸಾಲಿಗೆ ಅವಳು ದನಿ ಎತ್ತಿದರೆ ಬಂದೋಬಸ್ತಿಗೆ ನಿಂತ ಪೊಲೀಸರೂ ಲಾಠಿ ಕಂಕುಳಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದರು. ಹಾಡಿಗೆ ಮುಂಚೆ ಅವಳೂ ಪೆಟ್ಟಿಗೆ ಅಂಚಿಗೆ ಕೈಯಿಟ್ಟು ಗುನುಗುವಳು, ಮೇಷ್ಟ್ರು ತಲೆಯಾಡಿಸುವರು, ಪೆಟ್ಟಿಗೆ ಅವಳಿದ್ದಲ್ಲಿಗೆ ಹೋಗುವುದು. ಮೇಷ್ಟ್ರಿಗೆ ಕಣ್ಣು ಮಂಜಾಗಿ ಕೊರಟಗೆರೆಯ ಮಗಳ ಮನೆ ಸೇರಿದ ಮೇಲೆ ಪೆಟ್ಟಿಗೆಯೂ ಪುಸ್ತಕವೂ ಭವ್ಯಳಿಗೆ ಬಂದವು.

ಹೋದ ವರ್ಷದ ಮೇ ದಿನದ ಸಭೆಯನ್ನು ಪಾವಗಡದ ತಿರುಮಣಿಯಲ್ಲಿ ಇಟ್ಟುಕೊಂಡೆವು. ಅಲ್ಲಿ ಜಮೀನಿದ್ದವರು ಅದನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟರು. ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದವರು ಏನು ಕೇಳಬೇಕು ಎನ್ನುವುದು ಸಭೆಯ ವಿಷಯ. ಕುಡುಗೋಲಿನ ಹಾಡು ಇರಲೇಬೇಕು ಅಂದೆ. ಹೊಸಬರೂ ಇರಲಿ ಎಂದು ಇಬ್ಬರು ಗಿಟಾರಿನ ಹುಡುಗರನ್ನೂ ಸೇರಿಸಿದೆ: ತುಮಕೂರಿನಲ್ಲಿ ಪರೀಕ್ಷೆ ಕಟ್ಟಿ ಕಲಿತ ರೇವಂತ್, ಮೊಬೈಲು ನೋಡಿ ಕಲಿತ ಸಿರಾದ ಮೋಹನ್ ಕುಮಾರ್.

ಏಪ್ರಿಲ್‌ನಲ್ಲಿ ಭವ್ಯಳ ಕೋಣೆಯಲ್ಲಿ ಕೂತೆವು. ಮೋಹನ್ ಕುಮಾರ್ ಮೇಷ್ಟ್ರ ಪುಸ್ತಕ ತಿರುವಿ, "ಇದೇನ್ ಮೇಡಂ, ಓಸಿ ನಂಬರ್ ಬರ್ದಂಗೈತೆ" ಅಂದ. ಮಟ್ಕಾ ಆಡುವವರ ಚೀಟಿ ನೋಡಿದವರಿಗೆ ಹಾಗನ್ನಿಸುವುದು ಸಹಜ.

ರೇವಂತ್ ತಾನೇ ಹಾಳೆ ತೆಗೆದುಕೊಂಡು ಅಕ್ಷರದಲ್ಲಿ ಬರೆಯಲು ಕೂತ. ಮೈನರ್ ಬಂದಲ್ಲಿ ಅಕ್ಷರದ ಪಕ್ಕ ಅಡ್ಡಗೆರೆ ಎಳೆದ.

"ಅದ್ಯಾಕ್ಲಾ ಹೊಡ್ದಾಕ್ತಿದ್ಯಾ?" ಅಂದ ಮೋಹನ್ ಕುಮಾರ್.

"ಹೊಡೆದು ಹಾಕಿರೋದಲ್ಲ, ಮೈನರ್. ಎಲ್ಲ ಕಡೆ ಹಿಂಗೇ ಬರೆಯೋದು."

"ಯಾವ್ ಎಲ್ಲ ಕಡೆ? ಚಿಕ್ಕ ಎಂ ಬರಿ ಗುರು, ಯಾವನಿಗಾದ್ರೂ ಗೊತ್ತಾಯ್ತದೆ."

"ನೀನು ಬರೆಯೋ ಎಂ ಚಿಕ್ಕದಾ ದೊಡ್ಡದಾ ಅಂತ ನಿಮ್ಮಪ್ಪನಿಗೂ ಗೊತ್ತಾಗಲ್ಲ. ದೊಡ್ಡದಾದ್ರೆ ಮೇಜರ್ ಆಗುತ್ತೆ."

"ಈ ತ್ರಿಕೋನ ಏನು? ಆಸ್ಪತ್ರೆ ಗೋಡೆ ಮೇಲಿಂದ ಎತ್ಕಂಡ್ ಬಂದ್ಯಾ? ನಾವಿಬ್ಬರು ನಮಗಿಬ್ಬರು?"

"ಅದು ಮೇಜರ್ ಸೆವೆನ್. ನಿನಗ್ಯಾಕೆ ಬಿಡು."

ಅರ್ಧ ಗಂಟೆ ಇದೇ ನಡೆಯಿತು. ನನಗೆ ಬೇಸರ ಬಂತು. ನಲವತ್ತು ವರ್ಷ ಕರಪತ್ರ ಅಚ್ಚು ಹಾಕಿಸಿದವನಿಗೆ ಅಚ್ಚಾದದ್ದನ್ನು ನಂಬುವ ಚಾಳಿ ಇರುತ್ತದೆ. "ಸಾಕು ನಿಲ್ಲಿಸ್ರಪ್ಪ. ಭವ್ಯಮ್ಮ, ಆ ಹಳೇ ಪುಸ್ತಕ ಎತ್ತಿಡು. ಎಲ್ಲರಿಗೂ ಒಂದೇ ತರ ಒಂದು ಹಾಳೆ ಟೈಪ್ ಮಾಡು" ಅಂದೆ. ಅವಳು ಮಾಡಿದಳು.

ಅಂಕಿಯಲ್ಲಿ ಬರೆದರೆ ಹಾಡಿಗೆ ಊರು ಬೇಕಿಲ್ಲ. ಎಲ್ಲಿ ಬೇಕಾದರೂ ಇಳಿಯುತ್ತದೆ. ಅಕ್ಷರದಲ್ಲಿ ಬರೆಯಬೇಕಾದರೆ ಮೊದಲು ಒಂದು ಮನೆ ಗೊತ್ತು ಮಾಡಬೇಕು. ಚಿಕ್ಕಹನುಮಕ್ಕ ಈಗ ಎಲ್ಲಿ ನಿಂತಿದ್ದಾಳೆಂದು ಕೇಳಲು ಭವ್ಯ ಬರಗೂರಿಗೆ ಹೋಗಬಹುದಿತ್ತು, ಫೋನಾದರೂ ಮಾಡಬಹುದಿತ್ತು. ಮಾಡಲಿಲ್ಲ. ಸಂಘದ ಹಳೇ ಕ್ಯಾಸೆಟ್ ಒಂದು ಅವಳ ಹತ್ತಿರ ಇತ್ತು, ಇಪ್ಪತ್ತೈದು ವರ್ಷದ ಹಿಂದಿನದು. ಅದರಲ್ಲಿ ಹಾಡು ಬಿಳಿ ಆರರಲ್ಲಿದೆ. ಹುಡುಗರ ಭಾಷೆಯಲ್ಲಿ ಎ ಮೈನರ್. ಅದನ್ನೇ ಟೈಪ್ ಮಾಡಿ, ಮೈನರಿಗೆ ಚಿಕ್ಕ ಎಂ ಇಟ್ಟು, ಮೂರು ಪ್ರತಿ ತೆಗೆದಳು. ಹಾಳೆ ಚೆನ್ನಾಗಿತ್ತು. ನಾನೇ ಹೊಗಳಿದೆ.

ತಿರುಮಣಿಗೆ ಚಿಕ್ಕಹನುಮಕ್ಕ ಬರುವ ಹೊತ್ತಿಗೆ ಸಂಜೆ ಐದೂವರೆ. ಟೆಂಪೋ ಮಡಕಶಿರಾ ದಾರಿಯಲ್ಲಿ ಪಂಕ್ಚರಾಗಿತ್ತಂತೆ. ಮುಖ ತೊಳೆಯಲೂ ಬಿಡದೆ ಅವಳನ್ನು ವೇದಿಕೆ ಹತ್ತಿಸಿದೆ, ಮುಂದಿನ ಭಾಷಣದವರು ಅವಸರ ಮಾಡುತ್ತಿದ್ದರು.

ಅವಳು ನೇರ ಭವ್ಯಳ ಕೀಬೋರ್ಡಿನ ಹತ್ತಿರ ಹೋದಳು. ಅಂಚಿಗೆ ಕೈಯಿಟ್ಟಳು. ಗುನುಗಿದಳು. ನಾನು ನಾಲ್ಕು ಮೊಳ ದೂರದಲ್ಲಿ ಮೈಕ್ ಹಿಡಿದು ನಿಂತಿದ್ದೆ. ನನಗೆ ಅದು ಗುನುಗು, ಅಷ್ಟೇ. ಭವ್ಯಳಿಗೆ ಅದು ಕಪ್ಪು ಮೂರು. ಹಾಳೆಯಲ್ಲಿದ್ದದ್ದಕ್ಕಿಂತ ಮೂರು ಮನೆ ಕೆಳಗೆ.

ಅವಳ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಮೂರು ಮನೆ ಇಳಿಯುತ್ತದೆ. ಗಿಟಾರಿನವರಿಗೆ ಆ ಸುಖವಿಲ್ಲ. ಅವರ ಕುತ್ತಿಗೆಗೆ ಹಾಕುವ ಕ್ಲಿಪ್ಪು ಸ್ವರವನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಇಳಿಸಬೇಕೆಂದರೆ ಹಾಳೆ ತಪ್ಪು ಎಂದು ಹುಡುಗರಿಗೆ ಹೇಳಬೇಕು, ಐದು ನಿಮಿಷ ನಿಲ್ಲಿಸಿ ಎಲ್ಲವನ್ನೂ ಬೇರೆ ಬರೆಯಬೇಕು. ರೇವಂತ್ ಆಗಲೇ ಹಾಳೆ ನೋಡುತ್ತ ತಂತಿಯ ಮೇಲೆ ಬೆರಳಿಟ್ಟಿದ್ದ.

ಭವ್ಯ ಚಿಕ್ಕಹನುಮಕ್ಕನ ಕಡೆ ನೋಡಿ ತಲೆಯಾಡಿಸಿದಳು. ಪೆಟ್ಟಿಗೆಯ ಮುಂದೆ ಕೂತವರು ತಲೆಯಾಡಿಸಿದ ಮೇಲೆ ತನ್ನ ಜಾಗಕ್ಕೆ ಬಾರದೇ ಹೋದದ್ದನ್ನು ಆ ಹೆಂಗಸು ಜೀವಮಾನದಲ್ಲಿ ಕಂಡಿರಲಿಲ್ಲ. ನೆಮ್ಮದಿಯಾಗಿ ಜನರ ಕಡೆ ತಿರುಗಿದಳು. ಭವ್ಯ ಬಿಳಿ ಆರಕ್ಕೆ ಹಿಡಿದಳು.

ಮೊದಲೆರಡು ಸಾಲು ಹೇಗೋ ನಡೆಯಿತು. ಚಿಕ್ಕಹನುಮಕ್ಕ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ಮೂರನೇ ಸಾಲಿಗೆ ದನಿ ಎತ್ತಿದಾಗ ಅದು ಒಡೆಯಿತು. ಕೆಮ್ಮಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಮತ್ತೆ ಎತ್ತಿದಳು. ಮತ್ತೆ ಒಡೆಯಿತು. ಮುಂದೆ ಕೂತಿದ್ದ ಯಾರೋ ತೆಲುಗಿನಲ್ಲಿ, "ಪರ್ವಾಲೇದು, ಪಾಡಕ್ಕಾ", ಪರವಾಗಿಲ್ಲ ಹಾಡಕ್ಕ, ಅಂದರು. ಅವಳು ಹಾಡಲಿಲ್ಲ. ಆಗ ನಾನು ಮೈಕಿಗೆ ಬಾಯಿ ಹಾಕಿ, "ಅಕ್ಕನಿಗೆ ವಯಸ್ಸಾಯ್ತು. ಆದರೂ ನಮಗಾಗಿ ಬಂದಿದ್ದಾರೆ, ಜೋರಾಗಿ ಚಪ್ಪಾಳೆ ಹೊಡೀರಿ" ಅಂದೆ. ಜನ ಹೊಡೆದರು. ಅವಳು ಕೈಮುಗಿದು ಇಳಿದು ಹೋದಳು.

ಸಾಮಾನು ಕಟ್ಟುವಾಗ ಭವ್ಯಳಿಗೆ, "ಪಾಪ, ಗಂಟಲು ಹೋಯ್ತು ನೋಡು" ಅಂದೆ. ಅವಳು ವೈರು ಸುತ್ತುತ್ತಾ, "ಹೌದಣ್ಣ, ವಯಸ್ಸು" ಅಂದಳು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ನಾಲ್ಕೂ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಅಯ್ಯೋ ಅಂದವರು, ಕೈಮುಗಿದ ಚಿತ್ರ ಹಾಕಿದವರು ಸುಮಾರು ಜನ. ಭವ್ಯ ಏನೂ ಹಾಕಲಿಲ್ಲ. ಆ ವಿಡಿಯೊ ಅಳಿಸಲೂ ಇಲ್ಲ. ಹುಡುಗರನ್ನು ಮತ್ತೆ ಕರೆಯಲಿಲ್ಲ. ನಾಟಕದವರು ಕರೆದರೆ ಬೆನ್ನುನೋವು ಅಂದಳು. ನಾನು ಇದ್ಯಾವುದನ್ನೂ ಒಂದಕ್ಕೊಂದು ಸೇರಿಸಿ ನೋಡಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಸಿರಾ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಹನುಮಕ್ಕನ ಮಗಳು ಗಂಗಾಲಕ್ಷ್ಮಿ ಸಿಕ್ಕಿದಳು. "ಅವ್ವ ಹೆಂಗವ್ಳೆ?" ಅಂತ ಕೇಳಿದೆ. "ಅವ್ಳೆ. ಹಾಡೋದು ಬುಟ್ಟವಳೆ. ನನ್ ಮೊಮ್ಮಗೀನ ತೊಟ್ಲಿಗೆ ಹಾಕ್ದಾಗ್ಲೂ ಬಾಯಿ ಬುಡ್ಲಿಲ್ಲ" ಅಂದಳು. ಅದೇ ದಿನ ಇನ್ನೇನೋ ಕೆಲಸಕ್ಕೆ ಭವ್ಯಳಿಗೆ ಫೋನ್ ಮಾಡಿದವನು, ಮಾತಿನ ನಡುವೆ ಇದನ್ನೂ ಹೇಳಿದೆ. ಲೈನು ಕಟ್ಟಾಯಿತೆಂದು ನಾನೇ ಇಟ್ಟೆ.

ಮಾರನೇ ದಿನ ಅವಳು ಕೊರಟಗೆರೆಗೆ ಹೋದಳು. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಎಲ್ಲ ಹೇಳಿದಳು, ಹಾಳೆಯ ಜಗಳ, ಕ್ಯಾಸೆಟ್ಟು, ತ್ರಿಕೋನ, ಎಲ್ಲ. ಮೇಷ್ಟ್ರು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅವಳು ಗುನುಗಿದಳಾ?"

"ಹ್ಞೂಂ."

"ನಿನಗೆ ಕೇಳಿಸ್ತಾ?"

"ಹ್ಞೂಂ."

"ಎಲ್ಲಿದ್ಲು?"

"ಕಪ್ಪು ಮೂರು."

"ಅಷ್ಟು ಗೊತ್ತಾಗೋ ಕಿವಿ ಕೊಟ್ಟಿದ್ದೀನಲ್ಲ" ಅಂದರು ಮೇಷ್ಟ್ರು. "ಮತ್ತೆ ನನ್ನ ಹತ್ರ ಯಾಕೆ ಬಂದೆ? ಮಧುಗಿರಿಯಿಂದ ಬರಗೂರಿಗೆ ಹೋಗೋ ದಾರಿ ಕೊರಟಗೆರೆ ಮೇಲಲ್ಲ ಕಣಮ್ಮ. ಇದು ಪೂರಾ ಉಲ್ಟಾ" ಎಂದರು. ಕಾಫಿಗೂ ಕೂರಿಸಲಿಲ್ಲ.

ಆಗಲೂ ಮೂರು ವಾರ ಎಳೆದಳು. ಕ್ಲಾಸಿದೆ, ಅಪ್ಪನಿಗೆ ಜ್ವರ, ಬಿಸಿಲು. ಕೊನೆಗೆ ಮಾರ್ಚ್‌ನಲ್ಲಿ ಒಂದು ದಿನ ಸಣ್ಣ ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಸಿರಾ ಬಸ್ಸು ಹತ್ತಿ, ಅಲ್ಲಿಂದ ಬರಗೂರಿನ ಬಸ್ಸು ಹಿಡಿದಳು. ಅಲ್ಲಿ ಆದದ್ದನ್ನು ಅವಳೂ ಹೇಳಿದ್ದಾಳೆ, ಗಂಗಾಲಕ್ಷ್ಮಿಯೂ ಹೇಳಿದ್ದಾಳೆ. ಇಬ್ಬರ ಮಾತಿನಲ್ಲಿ ವ್ಯತ್ಯಾಸವಿಲ್ಲ.

ಚಿಕ್ಕಹನುಮಕ್ಕ ಹಟ್ಟಿ ಮುಂದೆ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. "ಬಾರಮ್ಮ, ಕೂತ್ಕ" ಅಂದಳು. ಭವ್ಯ ನಿಂತೇ ಹೇಳಿದಳು.

"ಅಕ್ಕ, ಅವತ್ತು ನೀವು ಕಪ್ಪು ಮೂರಲ್ಲಿ ಗುನುಗಿದ್ರಿ. ನಾನು ಬಿಳಿ ಆರಕ್ಕೆ ಹಿಡಿದೆ. ನಿಮ್ಮ ಗಂಟಲಿಗೆ ಏನೂ ಆಗಿಲ್ಲ."

"ಮೂರು ಮನೆ ಮ್ಯಾಲಕ್ಕೆ ಎಳ್ದಾ?"

"ಹ್ಞೂಂ."

"ಕೇಳಿಸ್ನಿಲ್ವಾ ನಿಂಗೆ?"

"ಕೇಳಿಸ್ತು. ಹುಡುಗರ ಮುಂದೆ ನನ್ನ ಹಾಳೆ ತಪ್ಪು ಅಂತ ಹೇಳೋಕಾಗ್ಲಿಲ್ಲ. ಮರ್ಯಾದೆ ಹೋಗುತ್ತೆ ಅಂತ."

"ಯಾರ ಮರ್ಯಾದೆ?"

ಚಿಕ್ಕಹನುಮಕ್ಕ ಇನ್ನೂ ಮೂರು ಹಣ್ಣು ಜಜ್ಜಿದಳು. ಆಮೇಲೆ ಸುತ್ತಿಗೆ ಕೆಳಗಿಟ್ಟಳು.

"ನಾನು ಡಾಕುಟ್ರ ತಾವ ಓಗಿದ್ದೆ ಕಣಮ್ಮ, ಸಿರಾದಾಗೆ. ಬಾಯೊಳಕ್ಕೆ ಬ್ಯಾಟ್ರಿ ಬುಟ್ಟು ನೋಡ್ದ. ಏನೂ ಇಲ್ಲ ಕಣಜ್ಜಿ ಅಂದ. ಮುದ್ಕಿ ಎದುರ್ಕಂಡಾಳು ಅಂತ ಸುಳ್ಳು ಯೋಳ್ತಾವ್ನೆ ಅಂದ್ಕಂಡೆ. ಮರಿಮಗೀನ ತೊಟ್ಲಿಗೆ ಆಕ್ದಾಗ ಎಲ್ರೂ ನನ್ ಮಖ ನೋಡುದ್ರು. ನಾನೆದ್ದು ಕುರಿ ತಾವ ಓಗ್ಬುಟ್ಟೆ. ಆ ಮಗ ಈಗ ಅಂಬೆಗಾಲಿಕ್ತದೆ. ತಿರ್ಗಾ ತೊಟ್ಲಿಗೆ ಆಕಾಕಾಯ್ತದಾ?"

ಭವ್ಯಳಿಗೆ ಅಳು ಬಂತು.

"ಅಳಬ್ಯಾಡ. ಅತ್ಲಾಗೆ ಕೂತ್ಕ, ಹಣ್ಣು ನೆನೀತದೆ" ಅಂದಳು ಚಿಕ್ಕಹನುಮಕ್ಕ. "ಪೆಟ್ಗೆ ಯಾಕೆ ತಂದೆ?"

"ನೀವು ಒಂದು ಸಲ ಗುನುಗಿದ್ರೆ, ಅಲ್ಲಿಗೇ ಹಿಡೀತೀನಿ ಅಂತ."

"ನಂಗೊಬ್ಳಿಗೆ ಯೋಳಿದ್ರೆ ಮುಗೀತಾ? ತಿರುಮಣ್ಯಾಗೆ ಅಷ್ಟು ಜನದ ಮುಂದೆ ನಾನು ಮುದ್ಕಿ ಆದೆ. ವಯಸ್ಸಾಯ್ತು ಅಂತ ಮೈಕ್ನಾಗೆ ಕೂಗುದ್ನಲ್ಲ ಆ ಭಾಷಣದೋನು, ಅವ್ನನ್ನೂ ನಿಲ್ಲುಸ್ಕಂಡು ಮೈಕ್ನಾಗೇ ಯೋಳು. ಆಮ್ಯಾಕೆ ನೋಡಾನ."

ಆ ಸಂಜೆ ಭವ್ಯ ನಮ್ಮ ಮನೆಗೆ ಬಂದು ನನಗೆ ಎಲ್ಲವನ್ನೂ ಹೇಳಿದಳು. ನನಗೆ ಮೊದಲು ಬಂದದ್ದು ಸಿಟ್ಟು, ಅವಳ ಮೇಲೆ. ನಾಲ್ಕು ಮಾತು ಆಡಿಯೂ ಬಿಟ್ಟೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳು ಹೋದ ಮೇಲೆ, ಆ ಪುಸ್ತಕ ಎತ್ತಿಡು ಅಂದದ್ದು ಯಾರು, ಮುಖ ತೊಳೆಯಲೂ ಬಿಡದೆ ವೇದಿಕೆ ಹತ್ತಿಸಿದ್ದು ಯಾರು, ಎಂದು ನೆನಪಾಗತೊಡಗಿತು. ಒಬ್ಬ ಹೆಂಗಸಿನ ದನಿ ಒಡೆದರೆ ಏನಾಯಿತೆಂದು ಕೇಳದೆ, ಮೈಕು ಕೈಲಿದೆ ಎಂದು ತೀರ್ಪು ಕೊಟ್ಟವನು ನಾನು. ಅವರಿವರ ಅನ್ಯಾಯದ ಬಗ್ಗೆ ಬರೆದಷ್ಟು ಸಲೀಸಾಗಿ ಇದನ್ನು ಬರೆಯಲು ಆಗುತ್ತಿಲ್ಲ.

ಈ ವರ್ಷದ ಮೇ ದಿನ ಸಿರಾದಲ್ಲಾಯಿತು. ಭವ್ಯ ಮೇಷ್ಟ್ರ ಕಾಲು ಹಾರ್ಮೋನಿಯಂ ತಂದಿದ್ದಳು. ಚಿಕ್ಕಹನುಮಕ್ಕ ಮೂರನೇ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಗಂಗಾಲಕ್ಷ್ಮಿ. ಹಿಂದೆ ರೇವಂತ್, ಮೋಹನ್ ಕುಮಾರ್ ಇಬ್ಬರೂ ಇದ್ದರು, ಭವ್ಯಳೇ ಕರೆಸಿದ್ದಳು.

ಅವಳು ಮೈಕ್ ಹಿಡಿದು ಮೂರು ಮಾತು ಹೇಳಿದಳು. ಹೋದ ವರ್ಷ ಅಕ್ಕನ ದನಿ ಒಡೆದದ್ದು ವಯಸ್ಸಿಗಲ್ಲ. ಅಕ್ಕ ತನ್ನ ಜಾಗ ಹೇಳಿದ್ದಳು, ನನಗೆ ಕೇಳಿಸಿತ್ತು, ಆದರೂ ನಾನು ಮೂರು ಮನೆ ಮೇಲೆ ಹಿಡಿದೆ. ತಪ್ಪು ನನ್ನದು. ಅಷ್ಟು ಹೇಳಿ ಮೈಕು ನನಗೆ ಕೊಟ್ಟಳು. ನಾನು ಮಾತಾಡಿದೆ. ಏನು ಮಾತಾಡಿದೆನೋ ಸರಿಯಾಗಿ ನೆನಪಿಲ್ಲ, ಹತ್ತು ನಿಮಿಷವಾದರೂ ಆಗಿರಬೇಕು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಯಾರೋ, "ಊಟಕ್ಕೆ ಬುಡ್ತೀರಾ?" ಅಂದರು.

ಇಳಿದು ಬಂದಾಗ ಚಿಕ್ಕಹನುಮಕ್ಕ ಟೀ ಕುಡಿಯುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆಯ್ತೇನ್ಲಾ?"

"ಆಯ್ತಕ್ಕ."

"ಅವಳು ಸರ್ಯಾಗಿ ಯೋಳಿದ್ಲು. ನಿಂದು ತೆಪ್ಪೊಪ್ಕಣೋ ಮಾತಾ, ಓಟು ಕೇಳೋ ಮಾತಾ, ನಂಗೊತ್ತಾಗ್ನಿಲ್ಲ."

ಭವ್ಯ ಒಂದು ಹಾಳೆ ತೆಗೆದು ಅವಳಿಗೆ ತೋರಿಸಿದಳು. ಹೊಸದಾಗಿ ಟೈಪ್ ಮಾಡಿದ ಕುಡುಗೋಲಿನ ಹಾಡು, ಸಾಲುಗಳ ಮೇಲೆ ಮೇಷ್ಟ್ರ ಅಂಕಿ, ಅಂಕಿಯ ಕೆಳಗೆ ಚುಕ್ಕೆ. ಮೇಲುಗಡೆ ಒಂದು ಚೌಕ, ಒಳಗೆ ಏನೂ ಬರೆದಿಲ್ಲ.

ಓದು ಬಾರದ ಚಿಕ್ಕಹನುಮಕ್ಕ ಆ ಚೌಕದ ಮೇಲೆ ಬೆರಳಿಟ್ಟಳು. "ಇದ್ಯಾಕೆ ಖಾಲಿ ಐತೆ?"

"ಅದು ನೀವು ಗುನುಗಿದ ಮೇಲೆ ಬರೆಯೋದು. ಸೀಸದ ಕಡ್ಡೀಲಿ."

"ಊಂ" ಅಂದಳು. ಲೋಟ ಕೆಳಗಿಟ್ಟಳು. ಪೆಟ್ಟಿಗೆ ಹತ್ತಿರ ಹೋಗಿ ಅಂಚಿನ ಮೇಲೆ ಕೈಯಿಟ್ಟಳು. ಭವ್ಯ ಓಡಿ ಬಂದು ಸ್ಟೂಲಿನ ಮೇಲೆ ಕೂತು, ಕಾಲಲ್ಲಿ ತಿದಿ ಒತ್ತಿ, ಕಾದಳು. ಗಾಳಿಯ ಸದ್ದು ಮಾತ್ರ ಬಂತು. ಚಿಕ್ಕಹನುಮಕ್ಕ ಕೈಯಲ್ಲಿ ಧೂಳು ಒರೆಸಿದಳು, ಮುಚ್ಚಳದ ಮೇಲೆ ಮೇಷ್ಟ್ರ ಸೀಮೆಸುಣ್ಣದ ಹಳೇ ಕಲೆ ನೋಡಿದಳು.

"ಇವತ್ತು ಬ್ಯಾಡ" ಅಂದಳು. "ಬಸ್ಸಿಗೆ ಹೊತ್ತಾಯ್ತು."

ಗಂಗಾಲಕ್ಷ್ಮಿಯ ಕೈ ಹಿಡಿದುಕೊಂಡು ಹೋದಳು. ಭವ್ಯ ಮುಚ್ಚಳ ಹಾಕಿದಳು. ಕಾಲು ಹಾರ್ಮೋನಿಯಂ ಒಬ್ಬರು ಎತ್ತುವಂಥದ್ದಲ್ಲ. ಒಂದು ಕಡೆ ಅವಳು ಹಿಡಿದಳು, ಇನ್ನೊಂದು ಕಡೆ ನಾನು. ಟೆಂಪೋಗೆ ಹತ್ತಿಸುವ ಹೊತ್ತಿಗೆ ಇಬ್ಬರಿಗೂ ಉಸಿರು ಕಟ್ಟಿತ್ತು.

"ಮುಂದಿನ ವಾರ ಬರಗೂರಿಗೆ ಹೋಗ್ತೀನಿ ಅಣ್ಣ" ಅಂದಳು.

"ಬಾ ಅಂದ್ಲಾ?"

"ಇಲ್ಲ" ಎಂದು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ ಹೇಳಿದಳು. "ಕರೆಯೋ ತನಕ ಕಾಯೋಕೆ ನಾನೇನು ನೆಂಟ್ಳಾ?"